ಇನ್ನೊಂದು ಕಣ್ಣಿನ ಹನಿ

ಟೈಲರ್ ಹುಡುಗಿ ಕಣ್ಣಿಗೆ ಲೇಸರ್ ಮಾಡಿಸಿಕೊಂಡಳಂತೆ ಎಂದು ಕೇಳಿದಾಗ ಕನ್ನಡಕದ ಅಂಗಡಿಯವನ ಎದೆ ಧಸಕ್ಕೆಂದಿತು. ಇನ್ನು ಅವಳಿಗೆ ಕನ್ನಡಕ ಬೇಡ. ಅಂದಮೇಲೆ ಅಂಗಡಿಯೂ ಬೇಡ, ಅಂಗಡಿಯವನೂ ಬೇಡ. ಮನಸ್ಸಿನ ಮಾತು ಹೇಳಲು ಬಾಯಿ ಬಾರದೆ, ಅವಳ ಫ್ರೇಮಿನ ಸ್ಕ್ರೂ ಬಿಗಿ ಮಾಡುತ್ತಲೇ ವರ್ಷಗಳನ್ನು ಕಳೆದ ಪುಣ್ಯಾತ್ಮ ಅವನು.

ಮಾರನೆಯ ದಿನ ಅವಳ ಅಮ್ಮನೇ ಫೋನ್ ಮಾಡಿದರು. "ಸ್ವಲ್ಪ ಬಂದು ಹೋಗಪ್ಪಾ. ಉರಿ ಉರಿ ಅಂತ ಒದ್ದಾಡ್ತಿದಾಳೆ. ಡ್ರಾಪ್ಸ್ ಹಾಕೋಕೆ ನನ್ನ ಕೈ ನಡುಗುತ್ತೆ. ನೀನು ಕಣ್ಣಿನ ವಿಷಯ ತಿಳಿದವನು."

ಕನ್ನಡಕ ಮಾರುವವನು ಡಾಕ್ಟರಲ್ಲ ಎನ್ನಬೇಕಿತ್ತು. ಅಷ್ಟರಲ್ಲಿ ಅಂಗಡಿಯ ಶಟರ್ ಎಳೆದಾಗಿತ್ತು.

ಪರದೆ ಎಳೆದ ಕೋಣೆಯಲ್ಲಿ, ಹೊಲಿಗೆ ಮಿಷನ್ನಿನ ಪಕ್ಕ, ಅವಳು ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು.

"ಆಸ್ಪತ್ರೆಯೋರು ಕೊಟ್ಟಿದ್ದು. ನಿಮ್ಮದರ ಹಾಗೇ ಇದೂ ಜಾರುತ್ತೆ," ಎಂದಳು. ನೋವಿನಲ್ಲೂ ಕೊಂಕು ಬಿಟ್ಟಿರಲಿಲ್ಲ.

ಅವನು ಮೂಲೆಯಲ್ಲಿದ್ದ ಪುಟ್ಟ ಬಾಟಲಿ ಎತ್ತಿಕೊಂಡ. "ನೋವಿನ ಡ್ರಾಪ್ಸು ಇದೇ ಅಲ್ವಾ? ತುಂಬಾನೇ ಇದೆಯಲ್ಲ?"

"ಒಂದು ಸಲ ಹಾಕಿದ್ದಕ್ಕೇ ಚುರ್ ಅಂತು. ಸಾಕು ಸಹವಾಸ ಅಂತ ಇಟ್ಬಿಟ್ಟೆ."

"ಚುರ್ ಅನ್ನೋದು ಒಂದು ಗಳಿಗೆ ಅಷ್ಟೆ. ಊತ, ಉರಿ ಇಳಿಸೋದೇ ಇದು. ಡಾಕ್ಟರ್ ಹೇಳಿದಷ್ಟು ಹಾಕ್ಲೇಬೇಕು. ಹೆಚ್ಚೂ ಬೇಡ, ಕಮ್ಮೀನೂ ಬೇಡ."

ಕೈ ತೊಳೆದು ಬಂದು, ಕಪ್ಪು ಕನ್ನಡಕ ತೆಗೆದು, ಅವಳ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದು ಹನಿ ಬಿಟ್ಟ. ಅವಳು ಅವನ ಶರ್ಟಿನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಹುಬ್ಬಿನ ಗಂಟು ಸಡಿಲವಾಯಿತು. ಹಿಡಿತ ಮಾತ್ರ ಸಡಿಲವಾಗಲಿಲ್ಲ.

"ನನ್ನ ಕನ್ನಡಕ ಅಷ್ಟೊಂದು ಬೇಜಾರಾಗಿತ್ತಾ?" ಕೊನೆಗೂ ಕೇಳಿಬಿಟ್ಟ.

"ಹೂಂ. ಫ್ರೇಮ್ ಸರಿ ಮಾಡ್ತೀನಿ ಅಂತ ಮೊದಲು ಕನ್ನಡಕ ಕಿತ್ಕೊಳ್ತಿದ್ರಿ. ಆಮೇಲೆ ಹತ್ತಿರ ಬರ್ತಿದ್ರಿ. ನನಗೋ ಬರೀ ಮಂಜು. ಇಷ್ಟು ವರ್ಷದಲ್ಲಿ ನಿಮ್ಮ ಮುಖಾನ ಹತ್ತಿರದಿಂದ ಒಂದ್ಸಲಾನೂ ಸರಿಯಾಗಿ ನೋಡಿಲ್ಲ."

ಅವನಿಗೆ ಕಿವಿಯವರೆಗೂ ಬಿಸಿಯೇರಿತು.

"ಈಗ ಕಾಣಿಸ್ತಿದೀನಾ?"

"ಇನ್ನೂ ಮಬ್ಬು. ಕೆಲವು ದಿನ ಹೀಗೇ ಇರುತ್ತಂತೆ."

"ಹಾಗಾದ್ರೆ ದಿನಾ ಬರ್ತೀನಿ." ಬಾಟಲಿಯ ಮುಚ್ಚಳ ತಿರುಗಿಸುತ್ತಾ ಸೇರಿಸಿದ. "ಕಣ್ಣು ಸರಿಹೋದ ಮೇಲೂ ಬರ್ತೀನಿ. ನಿಮ್ಮನ್ನ ನೋಡ್ದೆ ಇರೋಕೆ ನನ್ನ ಕೈಲಿ ಆಗಲ್ಲ."

ಅಡುಗೆಮನೆಯಿಂದ ಅಮ್ಮ ಕೂಗಿದರು. "ಹಾಕಿದ್ದಾಯ್ತೇನಪ್ಪಾ?"

ಅವಳು ಅವನ ತೋಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ತಾನೇ ಉತ್ತರ ಕೊಟ್ಟಳು.

"ಇನ್ನೊಂದು ಕಣ್ಣು ಬಾಕಿ ಇದೆ, ಅಮ್ಮಾ. ನೀನು ನಿಧಾನವಾಗಿ ಬಾ."