ಮೇಲೆ ಬಿಟ್ಟ ನಾಲ್ಕು ಗೆರೆ

ಬೇಸಿಗೆ ಕಾಲಿಟ್ಟಿತ್ತು. ಕೆರೆಯ ನೀರು ಹಿಂದೆ ಸರಿದು ಜೇಡಿಮಣ್ಣು ಕಾಣಿಸಿಕೊಂಡಿತ್ತು. ಮಡಕೆ ಮಾಡುವವರಿಗೆ ಇದೇ ಸುಗ್ಗಿ. ಈಗ ಅಗೆದು ಕೂಡಿಟ್ಟ ಮಣ್ಣು ವರ್ಷವಿಡೀ ಬರಬೇಕು.

ಅಜ್ಜಿ ಗುದ್ದಲಿಯಿಂದ ಅಗೆದು ಬುಟ್ಟಿಗೆ ತುಂಬುತ್ತಿದ್ದಳು. ಮೊಮ್ಮಗಳು ಅದನ್ನು ಹೊತ್ತು ಗಾಡಿಗೆ ಸುರಿಯುತ್ತಿದ್ದಳು. ಐದನೇ ಕ್ಲಾಸಿನ ಹುಡುಗಿ, ಸಣಕಲಿ. ಊರಿಗೆಲ್ಲ ಅವಳು ಕಡ್ಡಿ.

"ಕಲ್ಲು ಆರಿಸಿ ಬಿಸಾಕು, ಕಡ್ಡಿ. ಒಂದು ಉಳಿದ್ರೂ ಸುಡುವಾಗ ಮಡಕೆ ಬಿರಿಯುತ್ತೆ."

ಅಷ್ಟರಲ್ಲಿ ಇಬ್ಬರು ಬಂದು ಕೆಂಪು ಬಟ್ಟೆ ಕಟ್ಟಿದ ಕಂಬಗಳನ್ನು ಮಣ್ಣಿನ ಗುಂಡಿಯ ಸುತ್ತ ನೆಡತೊಡಗಿದರು.

"ನಾಳೆಯಿಂದ ಇಲ್ಲಿ ಅಗೆಯೋ ಹಾಗಿಲ್ಲ ಅಜ್ಜಿ," ಎಂದ ಒಬ್ಬ.

"ಯಾರಪ್ಪ ಹೇಳಿದ್ದು?"

"ನೀವೇ. ದೊಡ್ಡ ಗೋದಾಮು ಬರುತ್ತೆ, ಊರಿನವರೆಲ್ಲ ಒಪ್ಪಿ ಸಹಿ ಹಾಕಿದ್ದೀರಿ. ನೋಡಿ," ಎಂದು ಮೊಬೈಲ್‌ನಲ್ಲಿ ಫೋಟೋ ತೋರಿಸಿದ.

ಕಡ್ಡಿ ಇಣುಕಿದಳು. ಅದು ಅವಳದೇ ದುಂಡು ಅಕ್ಷರ. ಪ್ರತಿ ಹೆಸರಿನ ಪಕ್ಕ ಸಹಿ, ಇಲ್ಲವೇ ನೀಲಿ ಹೆಬ್ಬೆಟ್ಟು. ಒಂದು ಹೆಬ್ಬೆಟ್ಟು ಮಾತ್ರ ಮಣ್ಣಿನ ಬಣ್ಣ. ಅದು ಅಜ್ಜಿಯದು.

ಕಳೆದ ವಾರ ಶಾಲೆಯಲ್ಲಿ ಮನೆಗೊಂದು ಪ್ಲಾಸ್ಟಿಕ್ ಬಕೆಟ್ ಹಂಚಿದ್ದರು. ಊರಿನ ಕಚೇರಿಯ ಗುಮಾಸ್ತ, "ನಿನ್ನ ಅಕ್ಷರ ಮುದ್ದಾಗಿದೆ ಮಗು. ಬಕೆಟ್ ತಗೊಂಡವರ ಹೆಸರು ಬರಿ. ಮೇಲೆ ನಾಲ್ಕು ಗೆರೆ ಬಿಡು, ಹೆಡ್ಡಿಂಗ್ ನಾನು ಆಮೇಲೆ ಬರೀತೀನಿ," ಎಂದಿದ್ದ. ಕಡ್ಡಿ ಹಿಗ್ಗಿ ಹೋಗಿ, ನಾಲ್ಕು ಗೆರೆ ಎಣಿಸಿ ಬಿಟ್ಟಿದ್ದಳು. ಬರೆಯಲು ಬಾರದವರ ಬೆರಳು ತಾನೇ ಹಿಡಿದು ಒತ್ತಿಸಿದ್ದಳು.

ಈಗ ಆ ನಾಲ್ಕು ಗೆರೆಯಲ್ಲಿ ಬೇರೆ ಅಕ್ಷರ ಕೂತಿತ್ತು: 'ಕೆರೆಯಂಚಿನ ಜಾಗವನ್ನು ಗೋದಾಮಿಗೆ ಕೊಡಲು ನಮ್ಮೆಲ್ಲರ ಒಪ್ಪಿಗೆ ಇದೆ.'

ಕಡ್ಡಿಯ ಕಿವಿ ಬಿಸಿಯಾಯಿತು. ಓದಿ ಹೇಳಿದಳು. ಅಜ್ಜಿ ಗುದ್ದಲಿಯನ್ನು ಮಣ್ಣಿಗೆ ಊರಿ ನಿಂತಳು.

"ನನ್ನ ಹೆಬ್ಬೆಟ್ಟು ಹಿಡಿದು ಒತ್ತಿಸಿದವಳು ನೀನು. ಅದನ್ನ ನೀನೇ ವಾಪಸ್ ತಂದುಕೊಡು. ನಡಿ."

ಕಚೇರಿಯಲ್ಲಿ ಗುಮಾಸ್ತ ಫ್ಯಾನಿನ ಕೆಳಗೆ ಕೂತಿದ್ದ. ಕಡ್ಡಿ ಮನೆಯಿಂದ ತಂದ ಬಕೆಟ್ಟನ್ನು ಅವನ ಮೇಜಿನ ಮೇಲಿಟ್ಟಳು.

"ಏನು, ತೂತಾಗಿದೆಯಾ?"

"ಬಕೆಟ್ ಸರಿಯಾಗಿದೆ ಸಾರ್. ನೀವು ಬರೆದ ಹೆಡ್ಡಿಂಗ್ ಸುಳ್ಳು."

ಗುಮಾಸ್ತ ನಕ್ಕ. "ಗೋದಾಮು ಬಂದ್ರೆ ಕೆಲಸ ಬರುತ್ತೆ, ರಸ್ತೆ ಬರುತ್ತೆ. ಊರು ಮುಂದೆ ಬರೋದು ಬೇಡ್ವಾ?"

"ಅಷ್ಟು ಒಳ್ಳೇದಾದ್ರೆ ನಮ್ಮನ್ನ ಕೇಳೋಕೆ ಏನು ಕಷ್ಟ?"

"ಒಬ್ಬೊಬ್ಬರನ್ನೂ ಕೇಳ್ತಾ ಕೂತ್ರೆ ಯಾವ ಊರೂ ಉದ್ಧಾರ ಆಗಲ್ಲ. ಮೊದಲು ಉದ್ಧಾರ ಆಗ್ಲಿ, ಕೇಳೋದು ಆಮೇಲೆ."

"ಆಮೇಲೆ ಕೇಳಿದ್ರೆ ಮಣ್ಣು ಎಲ್ಲಿರುತ್ತೆ?"

"ನಿನ್ನ ಮೊಮ್ಮಗಳಿಗೆ ಬಾಯಿ ಜಾಸ್ತಿ ಆಯ್ತು," ಎಂದ ಅವನು, ಅಜ್ಜಿಯ ಕಡೆ ತಿರುಗಿ.

"ಹೌದು ಸ್ವಾಮಿ. ಬರವಣಿಗೆ ಬೇಕಾದಾಗ ಮುದ್ದಾಗಿದ್ಳು."

"ಸೋಮವಾರ ದೊಡ್ಡ ಸಾಹೇಬರು ಬರ್ತಾರೆ. ಬರೆದುಕೊಡಿ. ಎಷ್ಟು ಜನ ಸಹಿ ಹಾಕ್ತಾರೋ ನಾನೂ ನೋಡ್ತೀನಿ."

ಬಕೆಟ್ ಅಲ್ಲೇ ಬಿಟ್ಟು ಬಂದರು.

ಶಾಲೆಗೆ ಹೋದಾಗ ಟೀಚರ್ ಒಂದು ಮಾತೂ ಕೇಳದೆ ಇಂಕ್ ಪ್ಯಾಡ್ ಕೊಟ್ಟರು. ಕಡ್ಡಿ ಹಾಳೆಯ ಮೊದಲ ಗೆರೆಯಿಂದಲೇ ಬರೆದಳು: 'ಗೋದಾಮಿನ ವಿಷಯ ನಮ್ಮನ್ನು ಯಾರೂ ಕೇಳಿಲ್ಲ. ನಾವು ಸಹಿ ಹಾಕಿದ್ದು ಬಕೆಟ್ಟಿಗೆ. ಸಭೆ ಕರೆದು ಕೇಳಿ.' ಮನೆಮನೆಗೆ ಹೋಗಿ ಗಟ್ಟಿಯಾಗಿ ಓದಿ, ಆಮೇಲೆ ಹಾಳೆ ಮುಂದಿಟ್ಟಳು.

ಪಂಚರ್ ಅಂಗಡಿ ಮಾವ ತಲೆಯೆತ್ತಲಿಲ್ಲ. "ನಾನು ಹಾಕಲ್ಲ. ನನಗೆ ಗೋದಾಮು ಬೇಕು. ಮಗ ಎರಡು ವರ್ಷದಿಂದ ಮನೇಲಿ ಕೂತಿದ್ದಾನೆ."

ಕಡ್ಡಿಗೆ ರೇಗಿಹೋಯಿತು. ಬಿರಬಿರನೆ ಹೊರಟವಳು ನಾಲ್ಕು ಹೆಜ್ಜೆ ಹೋಗಿ ನಿಂತಳು. ಮತ್ತೆ ಬಂದಳು.

"ಮಾವ, ನಿಮ್ಮನ್ನ ಕೇಳಿದ್ರಾ?"

ಮಾವ ನೀರಿನಲ್ಲಿ ಟ್ಯೂಬ್ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದ. "ಇಲ್ಲ. ಬಕೆಟ್ ಕೊಟ್ರು, ಅಷ್ಟೇ."

"ಇದ್ರಲ್ಲಿ ಗೋದಾಮು ಬೇಡ ಅಂತ ಬರೆದಿಲ್ಲ. ಕೇಳಿಲ್ಲ ಅಂತ ಬರೆದಿದೆ."

"ಇನ್ನೊಂದ್ಸಲ ಓದು."

ಓದಿದಳು. ಮಾವ ಕೈ ಒರೆಸಿಕೊಂಡು ಸಹಿ ಹಾಕಿದ. "ಸಭೇಲಿ ನಿಮ್ಮಜ್ಜಿ ಎದುರಿಗೇ ನಿಂತು ಬೇಕು ಅಂತೀನಿ. ಗೊತ್ತಿರಲಿ."

"ಅನ್ನಿ ಮಾವ," ಎಂದಳು ಕಡ್ಡಿ. ಅವನ ಮೇಲಿನ ಸಿಟ್ಟು ಎಲ್ಲಿ ಹೋಯಿತೋ, ಅವಳಿಗೇ ತಿಳಿಯಲಿಲ್ಲ.

ಮನೆಗೆ ಬಂದಾಗ ಅಜ್ಜಿ ಮಣ್ಣು ತುಳಿಯುತ್ತಿದ್ದಳು. ಆಚೆ ಕೆರೆಯಂಚಿನಲ್ಲಿ ಕೆಂಪು ಬಟ್ಟೆಗಳು ಇನ್ನೂ ಹಾರಾಡುತ್ತಿದ್ದವು.

"ಓದು," ಎಂದಳು ಅಜ್ಜಿ.

ಕಡ್ಡಿ ಪೂರ್ತಿ ಓದಿದಳು.

"ಮೇಲೆ ಖಾಲಿ ಇದೆಯಾ?"

"ಇಲ್ಲ."

"ಕೆಳಗೆ?"

ಕೆಳಗೆ ಮೂರು ಗೆರೆ ಉಳಿದಿತ್ತು. ಒಂದರಲ್ಲಿ ಅಜ್ಜಿಯ ಹೆಸರು ಬರೆದು, ಉಳಿದೆರಡಕ್ಕೆ ಸ್ಕೇಲ್ ಇಟ್ಟು ಅಡ್ಡಗೀಟು ಎಳೆದಳು. ಇಂಕ್ ಪ್ಯಾಡ್ ತೆರೆದು ನೆಲದ ಮೇಲಿಟ್ಟಳು.

ಅಜ್ಜಿ ಕೈ ತೊಳೆದು, ಸೆರಗಿಗೆ ಒರೆಸಿ, ಬಗ್ಗಿದಳು.

ಈ ಸಲ ಕಡ್ಡಿ ಅವಳ ಬೆರಳು ಹಿಡಿಯಲಿಲ್ಲ. ಹಾಳೆ ಹಾರದ ಹಾಗೆ ಅಂಚನ್ನಷ್ಟೇ ಹಿಡಿದುಕೊಂಡಳು.