ಮುಂದಿನ ಹಲಗೆ

“ಅದು ನನ್ನ ಜಾಗ,” ಎಂದಳು ಪಟಾಕಿ.

ಯಾರೂ ಕೇಳಿಸಿಕೊಳ್ಳಲಿಲ್ಲ. ಅಪ್ಪ ಹಾಯಿಯ ಹಗ್ಗ ಬಿಚ್ಚುತ್ತಿದ್ದ. ಹಲ್ಲಿನ ಡಾಕ್ಟರಮ್ಮ ಆಗಲೇ ದೋಣಿಯ ತುದಿಯಲ್ಲಿದ್ದ ಮುಂದಿನ ಹಲಗೆ ಏರಿ, ಮನೆಯ ಸೋಫಾದ ಮೇಲೆ ಕೂತ ಹಾಗೆ ಕೂತುಬಿಟ್ಟಿದ್ದರು.

ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಮನೆಯವರೆಲ್ಲ ಅವಳನ್ನು ಪಟಾಕಿ ಎನ್ನುತ್ತಿದ್ದರು. ಆದರೆ ಇವತ್ತಿನ ಸಿಟ್ಟಿಗೆ ಸರಿಯಾದ ಕಾರಣವಿತ್ತು. ಅವಳಿಗೆ ಹತ್ತು ತುಂಬಿದ ದಿನ ಅಪ್ಪನೇ ಹೇಳಿದ್ದ, ಇನ್ನು ಮುಂದಿನ ಹಲಗೆ ನಿನ್ನದೇ ಎಂದು. ಇಡೀ ರಜೆ ಅಲ್ಲಿ ಕೂತು, ಮೊಣಕಾಲು ತರಚಿಕೊಂಡು, ನೀರಿನ ಬಣ್ಣ ನೋಡುವುದನ್ನು ಅವಳು ಕಲಿತಿದ್ದಳು. ಕಡುನೀಲಿ ಎಂದರೆ ಆಳ. ತಿಳಿಹಸಿರು ಎಂದರೆ ಮರಳು. ಕಂದು ಎಂದರೆ ಹವಳದ ಬಂಡೆ. ಆ ದ್ವೀಪಗಳ ನಡುವೆ ಕಂದು ಬಣ್ಣಕ್ಕೇನೂ ಬರವಿರಲಿಲ್ಲ.

ಡಾಕ್ಟರಮ್ಮ ಮೂರನೆಯ ದ್ವೀಪದ ಶಾಲೆಯ ಮಕ್ಕಳ ಹಲ್ಲು ನೋಡಲು ಹೊರಟಿದ್ದರು. ಸುಮ್ಮನೆ ಪ್ರಯಾಣಿಕರ ಜಾಗದಲ್ಲಿ ಕೂತು ಬರಬಹುದಿತ್ತು. ಅವರಿಗೆ ದೋಣಿಯ ಕೆಲಸ ಮಾಡಿ ನೋಡುವ ಆಸೆಯಂತೆ. ಅಪ್ಪ ಹಲ್ಲು ತೋರಿಸಲು ಹೋಗಿದ್ದಾಗ ಕೇಳಿದ್ದರಂತೆ.

“ಬಾಯೊಳಗೆ ಅವರ ಕೈ ಇತ್ತು ಕಣೇ,” ಎಂದ ಅಪ್ಪ, ಮೆಲ್ಲನೆ. “ಆ ಆ ಅಂದೆ. ಅವ್ರು ಒಪ್ಪಿಗೆ ಅಂದ್ಕೊಂಡ್ರು. ಇವತ್ತೊಂದು ದಿನ ಅವ್ರೇ ನಮ್ಮ ಗೆಸ್ಟ್ ಕ್ರೂ.”

“ಕೈ ತೆಗೆದ ಮೇಲೆ ಹೇಳ್ಬಹುದಿತ್ತಲ್ಲ?”

 ಅಪ್ಪ ದೋಣಿಯೊಳಗಿನ ನೀರು ಎತ್ತಿ ಹೊರಹಾಕುವ ಡಬ್ಬಿಯನ್ನು ಅವಳ ಕೈಗೆ ಕೊಟ್ಟ. ಮುಂದೆ ಕೂತವರು ಏನೇನು ಮಾಡಬೇಕು ಎಂದು ಡಾಕ್ಟರಿಗೆ ಹೇಳಿಕೊಡು ಎಂದೂ ಹೇಳಿದ.

ತನ್ನ ಜಾಗ ಕಿತ್ತುಕೊಂಡವರಿಗೆ ತಾನೇ ಪಾಠ ಮಾಡಬೇಕಂತೆ! ಪಟಾಕಿಯ ಕಿವಿ ಬಿಸಿಯಾಯಿತು. ಅದೂ ಯಾರಿಗೆ? ಹೋದ ತಿಂಗಳು “ಒಂಚೂರೂ ನೋಯಲ್ಲ ಪುಟ್ಟಾ” ಎಂದು ನಂಬಿಸಿ ಅವಳ ದವಡೆ ಹಲ್ಲು ಕಿತ್ತವರಿಗೆ.

ಆದರೂ ಹೋದಳು. ಮಂಡಿಯೂರಿ ಕೂರಬೇಕು, ಒಂದು ಕೈಯಲ್ಲಿ ಹಗ್ಗ ಹಿಡಿದಿರಬೇಕು ಎಂದಳು. ಹಾಯಿ ಅಡ್ಡವಿರುವುದರಿಂದ ಹಿಂದೆ ಚುಕ್ಕಾಣಿ ಹಿಡಿದ ಅಪ್ಪನಿಗೆ ಮುಂದಿನ ನೀರು ಕಾಣುವುದಿಲ್ಲ, ಗಾಳಿಯಲ್ಲಿ ಕೂಗಿದರೂ ಕೇಳುವುದಿಲ್ಲ, ಹಾಯಿಯ ಕೆಳಗಿನಿಂದ ನಮ್ಮ ಕೈ ಮಾತ್ರ ಕಾಣುತ್ತದೆ ಎಂದಳು.

“ಬಂಡೆ ಕಂಡ ತಕ್ಷಣ ಕೈ ಚಾಚಬೇಕು. ಆದ್ರೆ ಕೈ...”

“ಇಷ್ಟೇನಾ? ಗೊತ್ತಾಯ್ತು ಪುಟ್ಟಾ,” ಎಂದು ಡಾಕ್ಟರಮ್ಮ ಟೋಪಿಯ ದಾರ ಕಟ್ಟಿಕೊಳ್ಳತೊಡಗಿದರು.

ಗೊತ್ತಾಯ್ತಂತೆ. ದೊಡ್ಡವರಿಗೆ ಎಲ್ಲವೂ ಅರ್ಧಕ್ಕೇ ಗೊತ್ತಾಗುತ್ತದೆ. ಉಳಿದ ಮಾತು ಪಟಾಕಿಯ ನಾಲಿಗೆಯ ಮೇಲೇ ಇತ್ತು. ಅವಳು ಅದನ್ನು ಬೇಕೆಂದೇ ನುಂಗಿಕೊಂಡು ಹಿಂದಕ್ಕೆ ಬಂದುಬಿಟ್ಟಳು.

ದೋಣಿ ಹೊರಟಿತು. ಮೊದಲ ದ್ವೀಪ ದಾಟಿತು. ಪಟಾಕಿ ಡಬ್ಬಿಯಲ್ಲಿ ನೀರು ಮೊಗೆದು ಮೊಗೆದು, ಬೇಕಾದ್ದಕ್ಕಿಂತ ಜೋರಾಗಿ ಎಸೆದಳು. ಎರಡನೆಯ ದ್ವೀಪದ ಹತ್ತಿರ ದಾರಿ ಕಿರಿದಾಗುತ್ತದೆ. ಅಲ್ಲಿಗೆ ಬಂದಾಗ ಹಾಯಿಯ ಕೆಳಗೆ ಡಾಕ್ಟರಮ್ಮನ ಕೈ ಎಡಕ್ಕೆ ಚಾಚಿತು.

ಪಟಾಕಿ ಎಡಕ್ಕೆ ನೋಡಿದಳು. ನೀರು ಕಂದಾಗಿತ್ತು.

ಅಪ್ಪ ದೋಣಿಯನ್ನು ಎಡಕ್ಕೇ ತಿರುಗಿಸಿದ.

“ಅಪ್ಪಾ, ಬಲಕ್ಕೆ! ಬಲಕ್ಕೆ ತಿರುಗ್ಸು!” ಡಬ್ಬಿ ಬಿಸಾಕಿ ಅವಳೂ ಅಪ್ಪನ ಜೊತೆ ಚುಕ್ಕಾಣಿಗೆ ಜೋತುಬಿದ್ದಳು. ದೋಣಿ ವಾಲಿತು. ಕೆಳಗೆಲ್ಲೋ ಕರ್ ಎಂದು ಉದ್ದಕ್ಕೆ ಉಜ್ಜಿದ ಸದ್ದಾಯಿತು. ಆಮೇಲೆ ನೀರು ಮತ್ತೆ ಕಡುನೀಲಿಯಾಯಿತು.

ಅಪ್ಪ ಹಾಯಿ ಇಳಿಸಿ, ತಳದ ಹಲಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ನೀರು ಒಳಗೆ ಬಂದಿರಲಿಲ್ಲ. ಆಮೇಲೆ ತಲೆಯೆತ್ತಿ ಡಾಕ್ಟರಮ್ಮನನ್ನು ನೋಡಿದ. 

“ಬಂಡೆ ಕಡೆ ಯಾಕೆ ಕೈ ತೋರಿಸಿದ್ರಿ?” ಎಂದು ಕೇಳಿದ.

“ಬಂಡೆ ಅಲ್ಲೇ ಇತ್ತಲ್ಲ,” ಎಂದರು ಡಾಕ್ಟರಮ್ಮ. ಮುಖ ಬಿಳಿಚಿಕೊಂಡಿತ್ತು.

ಈ ದೋಣಿಯಲ್ಲಿ ಕೈ ತೋರಿಸುವುದು ಬಂಡೆಯನ್ನಲ್ಲ, ದಾರಿಯನ್ನು. ಅಪ್ಪ ಪಟಾಕಿಯ ಕಡೆ ತಿರುಗಿದ. “ನೀನು ಹೇಳಿರ್ಲಿಲ್ವಾ?”

ಅವಳು ಬಾಯಿ ತೆರೆಯುವ ಮೊದಲೇ ಡಾಕ್ಟರಮ್ಮ ಮಾತಾಡಿದರು. “ಅವಳು ಹೇಳ್ತಾನೇ ಇದ್ಲು. ನಾನೇ ಪೂರ್ತಿ ಕೇಳಿಸ್ಕೊಳ್ಳಲಿಲ್ಲ. ತಪ್ಪು ನಂದು.” ಟೋಪಿ ತೆಗೆದು, ತಡವರಿಸುತ್ತಾ ಹಿಂದೆ ಬಂದು ಡಬ್ಬಿಯ ಪಕ್ಕ ಕೂತರು.

“ಪಟಾಕಿ, ಮುಂದೆ ಹೋಗು,” ಎಂದ ಅಪ್ಪ.

ಬೆಳಗ್ಗಿನಿಂದ ಅವಳು ಕಾಯುತ್ತಿದ್ದುದು ಇದೇ ಮಾತಿಗೆ. ಹೋಗಿ ಮಂಡಿಯೂರಿದಳು. ಹಲಗೆ ಅದೇ, ಹಗ್ಗ ಅದೇ. ಆದರೆ ಕೂತರೂ ಕೂತಂತೆ ಅನ್ನಿಸಲಿಲ್ಲ. ತಪ್ಪು ನಂದು ಎಂದು ಡಾಕ್ಟರಮ್ಮ ಹೇಳಿದ್ದರು, ನಿಜ. ಆದರೆ ಅದರಲ್ಲಿ ಅರ್ಧ ಅವರದಾಗಿರಲಿಲ್ಲ. ಆ ಅರ್ಧ ಪಟಾಕಿಯದು.

ಅಪ್ಪ ಹಾಯಿ ಏರಿಸುವಷ್ಟರಲ್ಲಿ ಅವಳು ಎದ್ದು ಹಿಂದೆ ಬಂದಳು.

“ಅಪ್ಪಾ, ನಾನು ಪೂರ್ತಿ ಹೇಳಿರ್ಲಿಲ್ಲ. ಸಿಟ್ಟು ಬಂದಿತ್ತು. ಬೇಕು ಅಂತ್ಲೇ ಬಿಟ್ಟೆ.”

ಅಪ್ಪ ಹಾಯಿಯ ಹಗ್ಗ ಬಿಗಿದು ಕಟ್ಟಿದ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಪಟಾಕಿ ಡಾಕ್ಟರಮ್ಮನ ಟೋಪಿ ಎತ್ತಿ ಅವರ ಕೈಗೆ ಕೊಟ್ಟಳು. “ಬನ್ನಿ ಡಾಕ್ಟ್ರೇ.”

ಮುಂದಿನ ಹಲಗೆಯ ಮೇಲೆ ಇಬ್ಬರೂ ಒತ್ತಿಕೊಂಡು ಮಂಡಿಯೂರಿದರು. ದೂರದಲ್ಲಿ ಮತ್ತೊಂದು ಕಂದು ಮಚ್ಚೆ ಕಾಣಿಸಿತು. ಡಾಕ್ಟರಮ್ಮನ ಕೈ ಮೇಲೆದ್ದಿತು, ಅನುಮಾನಿಸಿ ನಿಂತಿತು. ಪಟಾಕಿ ಆ ಮಣಿಕಟ್ಟು ಹಿಡಿದು ಮೆಲ್ಲನೆ ನೀಲಿ ನೀರಿನ ಕಡೆಗೆ ತಿರುಗಿಸಿದಳು.

ಹಿಂದೆ ಚುಕ್ಕಾಣಿ ಕಿರುಗುಟ್ಟಿತು. ದೋಣಿ ಕೈ ತೋರಿಸಿದ ಕಡೆಗೇ ಹೊರಳಿತು.