ಗೋಡೆಯಿಂದ ಇಳಿಸಿದ ಫೋಟೊ

ಫೆಬ್ರವರಿ 24, ಮಂಗಳವಾರ, ಬೆಳಿಗ್ಗೆ 11.20. ಧಾರಾವಾಹಿ ನಿರ್ಮಾಪಕಿ ತನುಜಾ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಜಾವಳಿಯ ಕಲ್ಲಮ್ಮನವರ ಮನೆಯಲ್ಲಿ ನಾಲ್ಕು ದಿನದಿಂದ ಶೂಟಿಂಗ್ ನಡೆದಿತ್ತು. ಶೂಟ್ ಮಾಡಿದ್ದನ್ನೆಲ್ಲ ತುಂಬಿಟ್ಟಿದ್ದ ಹಾರ್ಡ್ ಡಿಸ್ಕ್, ಯೂನಿಟ್‌ನವರು ಬೆಳಿಗ್ಗೆ ಎಂಟಕ್ಕೆ ಅಂಗಳದಲ್ಲಿ ತಿಂಡಿ ತಿನ್ನುವಷ್ಟರಲ್ಲಿ ಹೊರಕೋಣೆಯ ಮೇಜಿನಿಂದ ಕಾಣೆಯಾಗಿತ್ತು.

"ಇನ್ನೊಂದು ಕಾಪಿ?" ಪಿಎಸ್‌ಐ ಬಸವಪ್ರಸಾದ್ ಕೇಳಿದರು.

"ಇಲ್ಲ ಸರ್. ಕಾರ್ಡ್ ಅಳಿಸಿ ಮತ್ತೆ ಬಳಸಿಬಿಟ್ವಿ. ಗುರುವಾರ ಎಪಿಸೋಡ್ ಹೋಗದಿದ್ರೆ ಚಾನೆಲ್‌ನವರು ಧಾರಾವಾಹಿನೇ ನಿಲ್ಲಿಸ್ತಾರೆ. ನಲವತ್ತು ಜನ ಮನೆಗೆ ಹೋಗ್ಬೇಕಾಗುತ್ತೆ."

"ಅನುಮಾನ?"

"ಸಹನಿರ್ದೇಶಕ ಶಶಿಕಿರಣ್ ಮೇಲೆ. ಟೈಟಲಲ್ಲಿ ನಿನ್ನ ಹೆಸರು ಇರಲ್ಲ ಅಂತ ನಿನ್ನೆ ಬೈದಿದ್ದೆ."

ಮನೆಯೊಳಗಿನ ಕಳವೆಂದು ಬಿಎನ್‌ಎಸ್ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು. 12.40ಕ್ಕೆ ಸ್ಥಳ ಪಂಚನಾಮೆ. ಡಿಸ್ಕ್ ಇದ್ದ ಜಾಗದ ಪಕ್ಕದಲ್ಲೇ ಎರಡು ದುಬಾರಿ ಲೆನ್ಸ್ ಹಾಗೇ ಇದ್ದವು. ಬಂದವರಿಗೆ ಬೇಕಾದದ್ದು ಬೆಲೆಬಾಳುವ ಸಾಮಾನಲ್ಲ ಎಂಬುದು ಆಗಲೇ ಸ್ಪಷ್ಟವಾಗಿತ್ತು. ಪಂಚರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯೂನಿಟ್‌ನವರು ಶಶಿಕಿರಣ್‌ನಿಂದ ಮಾರು ದೂರ ನಿಂತಿದ್ದರು.

ಕಲ್ಲಮ್ಮ ಕಾಫಿ ತಂದುಕೊಟ್ಟರು. ಹಣೆಯಲ್ಲಿ ಅಗಲ ಕುಂಕುಮ, ಕೈತುಂಬ ಗಾಜಿನ ಬಳೆ.

"ಯಜಮಾನರು ಎಲ್ಲಿ ಅಮ್ಮಾ?" ಪಿಎಸ್‌ಐ ಕೇಳಿದರು.

"ಹೊರಗೆ ಹೋಗಿದಾರೆ," ಎಂದು ಅವರು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಠಾಣೆಯಲ್ಲಿ 3 ಗಂಟೆಗೆ ಶಶಿಕಿರಣ್‌ನ ವಿಚಾರಣೆ.

"ಬೆಳಿಗ್ಗೆ ಎಲ್ಲಿದ್ದೆ?"

"ಮೂಡಿಗೆರೆಯಲ್ಲಿ ಸರ್. ಪೂಜೆ ಸೀನಿಗೆ ಹೂ ತರೋಕೆ."

ಹೆಡ್ ಕಾನ್‌ಸ್ಟೆಬಲ್ ಪುಟ್ಟಸ್ವಾಮಿ ಅವನನ್ನು ಕರೆದುಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಹೂವಿನಂಗಡಿಗೆ ಹೋದರು.

"ಇವ್ರೇ, ಹೌದು," ಎಂದಳು ಅಂಗಡಿಯ ಮುತ್ತಮ್ಮ. "ಏಳೂವರೆಗೆ ಬಂದವ್ರು ಒಂಬತ್ತರ ತನಕ ಇಲ್ಲೇ ಚೌಕಾಸಿ. ನಿನ್ನೆನೂ ಒಂದು ದೊಡ್ಡ ಸೇವಂತಿಗೆ ಹಾರ ಒಯ್ದಿದ್ರು. ಯಾರು ತೀರಿಕೊಂಡ್ರು ಅಂತ ಕೇಳಿದ್ರೆ ನಗ್ತಾರೆ!"

ಪುಟ್ಟಸ್ವಾಮಿ ಶಶಿಕಿರಣ್ ಕಡೆ ತಿರುಗಿದರು. "ಹಾರ ಯಾರಿಗೆ?"

"ಕತೇಲಿ ಅಪ್ಪ ಸತ್ತಿರ್ತಾರೆ. ಕಲ್ಲಮ್ಮನ ಮನೆ ಗೋಡೇಲಿ ಒಂದು ಫೋಟೊ ಇತ್ತು, ಇಳಿಸಿ ಅದಕ್ಕೇ ಹಾಕಿದ್ವಿ. ಗಂಧ ಇಟ್ಟು, ದೀಪ ಹಚ್ಚಿ..."

"ಅವ್ರನ್ನ ಕೇಳಿದ್ರಾ?"

"ಅವ್ರು ತೋಟದಲ್ಲಿದ್ರು. ಹಳೇ ಫೋಟೊ ಅಲ್ವಾ, ಸತ್ತಿರ್ತಾರೆ ಅಂದ್ಕೊಂಡ್ವಿ."

"ಎಂತ ಮಾರಾಯ ಮಾಡಿದ್ದು ನೀವು!"

ಹನ್ನೊಂದು ವರ್ಷದ ಹಿಂದೆ, ಕಳಸದ ಬಸ್ ಹತ್ತಿದ ಕಲ್ಲಮ್ಮನವರ ಗಂಡ ಓಂಕಾರಮೂರ್ತಿ ವಾಪಸ್ ಬರಲಿಲ್ಲ ಎಂಬ ದೂರನ್ನು ಬರೆದುಕೊಂಡವರು ಪುಟ್ಟಸ್ವಾಮಿಯೇ. ಆವತ್ತು ತೊಟ್ಟಿದ್ದ ಅಂಗಿ ನೀಲಿ ಗೆರೆಯದು ಎಂಬುದೂ ಅವರಿಗೆ ನೆನಪಿತ್ತು. ವರ್ಷಕ್ಕೊಮ್ಮೆ ಕಲ್ಲಮ್ಮ ಠಾಣೆಗೆ ಬಂದು ಕೇಳಿ ಹೋಗುತ್ತಿದ್ದರು. ಮರಣ ಪತ್ರ ಮಾಡಿಸಿ ಎಂದ ನೆಂಟರ ಮನೆಯ ಮೆಟ್ಟಿಲನ್ನು ಅವರು ಮತ್ತೆ ಹತ್ತಿರಲಿಲ್ಲ.

ಸಂಜೆ 4.45. ಪಿಎಸ್‌ಐ, ಪುಟ್ಟಸ್ವಾಮಿ, ಮಹಿಳಾ ಪೇದೆ ಶಾಲಿನಿ ಮತ್ತೆ ಜಾವಳಿಗೆ ಹೋದರು. ಗೋಡೆಯ ಫೋಟೊಗಳಿಗೆಲ್ಲ ಧೂಳು ಹಿಡಿದಿತ್ತು. ಓಂಕಾರಮೂರ್ತಿಯ ಫೋಟೊದ ಗಾಜು ಮಾತ್ರ ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ಚೌಕಟ್ಟಿನ ಸಂದಿಯಲ್ಲಿ ಚೂರು ಗಂಧ ಉಳಿದಿತ್ತು.

"ಕಲ್ಲಮ್ನೋರೆ," ಎಂದರು ಪುಟ್ಟಸ್ವಾಮಿ. ಅವರ ಬೆರಳು ಆ ಗಂಧದ ಮೇಲಿತ್ತು.

ಕಲ್ಲಮ್ಮ ತಾವೇ ಹೋಗಿ ಒಣಗಿಸಿಟ್ಟ ಪಾರ್ಚ್‌ಮೆಂಟ್ ಕಾಫಿ ಬೀಜದ ಚೀಲದೊಳಗಿಂದ ಡಿಸ್ಕ್ ತೆಗೆದು ತಂದರು. ಆದರೆ ಕೈಬಿಡಲಿಲ್ಲ.

"ಅಳಿಸಿಕೊಡಿ ಅಂತ ಈ ಶೂಟಿಂಗ್‌ನವ್ರನ್ನ ಕೇಳ್ದೆ. ಫೋಟೊ ಚೆನ್ನಾಗಿ ಬಂದಿದೆ ಅಜ್ಜಿ ಅಂದ್ರು. ನಮ್ಮನೆಯವ್ರು ಎಲ್ಲೋ ಒಂದು ಹೋಟ್ಲಲ್ಲಿ ಕೂತು ಟೀವಿ ನೋಡಿದ್ರೆ? ನಮ್ ಮನೆ ಗೋಡೆ ಅವ್ರಿಗೆ ಗೊತ್ತಾಗಲ್ವಾ? ನಾನು ಸತ್ತೆ ಅಂತ ಮಾಡ್ಬಿಟ್ರು, ಇನ್ನೆಂತಕ್ಕೆ ಹೋಗ್ಲಿ ಅಂದ್ಕೊಂಡ್ರೆ?"

ಬಾಗಿಲಲ್ಲಿದ್ದ ತನುಜಾ ಮುಂದೆ ಬಂದರು. "ದೂರು ವಾಪಸ್ ತಗೋತೀನಿ ಸರ್. ಆ ಸೀನನ್ನ ಈಗ್ಲೇ, ಇವ್ರೆದುರೇ ಅಳಿಸ್ತೀನಿ."

"ಆಗಲ್ಲ ಮೇಡಂ. ಇನ್ನು ಅದು ಸಾಕ್ಷ್ಯ. ಕೋರ್ಟ್ ಹೇಳೋವರೆಗೂ ಯಾರೂ ಮುಟ್ಟೋ ಹಾಗಿಲ್ಲ."

"ಹಾಗಾದ್ರೆ ಗುರುವಾರ..."

ಪಿಎಸ್‌ಐ ಡಿಸ್ಕ್‌ಗಾಗಿ ಕೈ ಚಾಚಿದರು. ತನುಜಾ ಜಗಲಿಯ ಮೇಲೆ ಕುಳಿತರು.

"ಟೀವೀಲಿ ಬರಲ್ಲ ತಾನೆ?" ಕಲ್ಲಮ್ಮ ಕೇಳಿದರು.

"ಬರಲ್ಲ," ಎಂದರು ಪಿಎಸ್‌ಐ.

ಆಮೇಲೆ ಕಲ್ಲಮ್ಮ ಡಿಸ್ಕನ್ನು ಅವರ ಕೈಗಿಟ್ಟರು.

ಕತ್ತಲಾದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲವಾದ್ದರಿಂದ 5.30ಕ್ಕೆ, ಬೆಳಕಿರುವಾಗಲೇ, ಕಲ್ಲಮ್ಮನವರ ಬಂಧನವಾಯಿತು. ಡಿಸ್ಕನ್ನು ಬಟ್ಟೆಯಲ್ಲಿ ಹೊಲಿದು ಅರಗಿನ ಮೊಹರು ಹಾಕಿದರು. ಶಾಲಿನಿ ರೂಢಿಯಂತೆ ಬಂಧನ ಪತ್ರದಲ್ಲಿ ಬರೆದಳು: ಕಲ್ಲಮ್ಮ ಕೋಂ ಲೇಟ್ ಓಂಕಾರಮೂರ್ತಿ, 58 ವರ್ಷ.

ಪುಟ್ಟಸ್ವಾಮಿ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, 'ಲೇಟ್' ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಣ್ಣ ಸಹಿ ಹಾಕಿದರು.